ನೋಡದ ಇಪ್ಪತ್ತೆರಡು ಹೊತ್ತು

೧೯೪೧ನೆಯ ಇಸವಿ ಜನವರಿ ೧೨, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತೆ.

ನನ್ನ ಡೈರಿಯನ್ನು ಅತ್ತಿಗೆ ಕದ್ದು ಓದುತ್ತಾಳೆ. ಕದ್ದು ಎಂದರೆ ಅಷ್ಟು ಸರಿಯಲ್ಲ. ನನ್ನ ಎದುರಿಗೇ ಗೂಡಿನಿಂದ ತೆಗೆದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಟ್ಟಿಯಾಗಿ ಓದುತ್ತಾಳೆ. ಈ ಬೆಳಿಗ್ಗೆ ಒಂಬತ್ತನೆಯ ತಾರೀಖಿನ ಪುಟ ಬಂದಾಗ ನಿಂತುಬಿಟ್ಟಳು. ಆ ಪುಟದಲ್ಲಿ ತಾರೀಖು ಬಿಟ್ಟರೆ ಇನ್ನೇನೂ ಇಲ್ಲ.

"ಏನ್ ನಾದ್ನಿ, ಗುರ್ವಾರ ನೀನು ಬದ್ಕೇ ಇರ್ನಿಲ್ವಾ?"

"ಇದ್ದೆ ಅತ್ಗೆ. ಬರೀಲಿಲ್ಲ. ನಿದ್ದೆ ಬಂದುಬಿಡ್ತು."

"ಇವಾಗ ಬರ್ದಾಕು ಮತ್ತೆ. ಎದ್ದೆ, ಉಂಡೆ, ಇಸ್ಕೂಲ್ಗೋದೆ, ಬಂದೆ, ಮನಿಕ್ಕಂಡೆ. ದಿನಾ ಅದೇ ತಾನೆ ನಿಂದು?"

ಅವಳು ಹೇಳಿದ್ದು ನಿಜ. ಭೇರ್ಯದ ಹತ್ತಿರ ಅಣ್ಣನ ಮನೆಯಲ್ಲಿದ್ದುಕೊಂಡು ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ನನ್ನ ಗುರುವಾರವನ್ನು ಯಾರು ಬೇಕಾದರೂ ಕಣ್ಣು ಮುಚ್ಚಿಕೊಂಡು ಬರೆಯಬಹುದು. ಆದರೂ ನಾನು ಬರೆಯುವುದಿಲ್ಲ. ಇದನ್ನು ಹಟ ಎನ್ನುವವರು ಎನ್ನಲಿ. ಈ ಹಟಕ್ಕೆ ನನಗಿಂತ ಮೊದಲು ಒಬ್ಬರು ಬೆಲೆ ತೆತ್ತಿದ್ದಾರೆ. ಹಾಗಾಗಿ ಅದನ್ನು ಬಿಟ್ಟುಕೊಡುವ ಹಕ್ಕು ನನಗಿಲ್ಲ.

ಅವರು ನಂಜಪ್ಪ ಮೇಷ್ಟ್ರು. ೧೯೩೪ರ ಜೂನ್ ತಿಂಗಳಲ್ಲಿ ಹುಣಸೂರು ತಾಲ್ಲೂಕಿನ ನಮ್ಮ ಮಿಡಲ್ ಸ್ಕೂಲಿಗೆ ವಿಜ್ಞಾನ ಹೇಳಲು ಬಂದರು. ಸ್ಕೂಲಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಮೇಷ್ಟ್ರು ಪಿರಿಯಾಪಟ್ಟಣದ ಕಡೆಯವರು. ಕೆಲಸ ಹಂಗಾಮಿ. ವರ್ಷದ ತನಿಖೆಗೆ ಬರುವ ಇನ್ಸ್‌ಪೆಕ್ಟರು ನಾಲ್ಕು ಒಳ್ಳೆಯ ಮಾತು ಬರೆದರೆ ಖಾಯಂ, ಬರೆಯದಿದ್ದರೆ ಗಂಟುಮೂಟೆ. ಇದು ಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಕ್ಕಳಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

ಮೊದಲನೆಯ ದಿನ ಅವರು ಎಡಗೈ ಎತ್ತಿ ತೋರಿಸಿದರು. ಎರಡು ಬೆರಳಿಗೆ ತುದಿ ಇರಲಿಲ್ಲ.

"ಇದನ್ನ ಛಳಿ ತಿಂದುಬಿಡ್ತು" ಎಂದರು.

ನಾವು ಹುಡುಗಿಯರು ಮೂವರು, ಹುಡುಗರು ಇಪ್ಪತ್ತೇಳು. ಮೂವತ್ತು ಜನವೂ ಒಟ್ಟಿಗೆ ನಕ್ಕೆವು. ನಮ್ಮ ಕಡೆ ಛಳಿ ಎಂದರೆ ಮಾಗಿಯಲ್ಲಿ ಕಂಬಳಿ ಹೊದ್ದು ಒಲೆಯ ಮುಂದೆ ಕೂರುವುದು. ಅದಕ್ಕೆ ಹಲ್ಲು ಕಡಿಸುವುದು ಗೊತ್ತು, ಬೆರಳು ತಿನ್ನುವುದು ಗೊತ್ತಿರಲಿಲ್ಲ.

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕಥೆ ಹೊರಗೆ ಬಂತು. ಓದು ಅರ್ಧಕ್ಕೆ ಬಿಟ್ಟು ಬೊಂಬಾಯಿಗೆ ಹೋದವರು ಹಡಗಿನಲ್ಲಿ ಗುಮಾಸ್ತರಾದರಂತೆ. ಹಡಗಿನಿಂದ ಹಡಗಿಗೆ ಹೋಗಿ, ಕಡೆಗೆ ದಕ್ಷಿಣ ಧ್ರುವದ ಕಡೆಯ ಹಿಮಸಮುದ್ರವನ್ನು ಅಳೆಯಲು ಹೊರಟವರ ಜೊತೆ ಸೇರಿದರಂತೆ. ಅಲ್ಲಿ ಒಂದು ದ್ವೀಪದಲ್ಲಿ ಹದಿನಾಲ್ಕು ತಿಂಗಳು ಇದ್ದರು. ಅವರು ವಿಜ್ಞಾನಿಯಾಗಿ ಹೋದವರಲ್ಲ. "ನನ್ನ ಅಕ್ಷರ ದುಂಡಗಿತ್ತು, ಅದಕ್ಕೆ ಕರೆದುಕೊಂಡು ಹೋದರು" ಎಂದು ಅವರೇ ಹೇಳುತ್ತಿದ್ದರು. ಗಾಳಿ ಎಷ್ಟು, ಛಳಿ ಎಷ್ಟು, ಮೋಡ ಎಷ್ಟು ಎಂದು ಹೊತ್ತುಹೊತ್ತಿಗೆ ಹೋಗಿ ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ.

ಊರಿನವರು ನಂಬಲಿಲ್ಲ. "ಆಲೆಮನೆ ಗಾಣಕ್ಕೆ ಕೈ ಕೊಟ್ಟವ್ನೆ ಕಣ್ಲಾ, ಮಂಜಿನ ಸಮುದ್ರವಂತೆ!" ಎಂದು ಅಂಗಡಿ ಜಗಲಿಯ ಮೇಲೆ ಮಾತಾಡಿಕೊಂಡರು. ಮೇಷ್ಟ್ರ ಕಿವಿಗೆ ಬೀಳುವ ಹಾಗೆಯೇ ಮಾತಾಡಿಕೊಂಡರು. ಮೇಷ್ಟ್ರು ಒಂದು ದಿನವೂ ವಾದಿಸಲಿಲ್ಲ. ನನಗಾದರೆ ಮೈ ಉರಿಯುತ್ತಿತ್ತು.

ಅಲ್ಲಿಯ ಹಕ್ಕಿಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಹಾರಲಾರದ ಹಕ್ಕಿಗಳು, ಕಪ್ಪು ಕೋಟು, ಬಿಳಿ ಎದೆ. ಅವು ನಡೆಯುವುದು ಹೇಗೆ ಎಂದು ಕೇಳಿದ್ದಕ್ಕೆ ಮೇಷ್ಟ್ರು ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಕಂದಾಯದ ಜಮಾಬಂದಿಗೆ ಅಮಲ್ದಾರರು ಇಳೀತಾರಲ್ಲ, ಹಾಗೆ" ಎಂದು ನಡೆದು ತೋರಿಸಿದರು. ಆ ವಾರವೆಲ್ಲ ಹುಡುಗರು ಹಾಗೆಯೇ ನಡೆದರು. ಪುಟ್ಟಸ್ವಾಮಿ ಎಂಬವನು ಮನೆಯಲ್ಲೂ ಹಾಗೆಯೇ ನಡೆದು ಅವರಪ್ಪನಿಂದ ಏಟು ತಿಂದ.

ಪುಟ್ಟಸ್ವಾಮಿಯ ಪ್ರಶ್ನೆಗಳು ಪ್ರಸಿದ್ಧ. "ಜೂನ್ ತಿಂಗ್ಳಲ್ಲಿ ನಮ್ಗೆ ಮುಂಗಾರು, ಅವ್ರಿಗೆ ಮಾಗಿಯಾ ಸಾ? ಅಂಗಾರೆ ಅವ್ರು ರಾಗಿ ಬಿತ್ತೋದು ಯಾವಾಗ?" ಆ ದ್ವೀಪದಲ್ಲಿ ಹುಲ್ಲು ಬಿಟ್ಟರೆ ಏನೂ ಬೆಳೆಯುವುದಿಲ್ಲ ಎಂದು ಕೇಳಿ ಅವನಿಗೆ ಆದ ದುಃಖವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

ಆ ಜೂನ್ ಕೊನೆಯಲ್ಲೇ ಮೇಷ್ಟ್ರು ಆಚಾರಿಯಿಂದ ಒಂದು ಮರದ ಪೆಟ್ಟಿಗೆ ಮಾಡಿಸಿದರು. ಸುತ್ತ ಓರೆ ಪಟ್ಟಿ, ನಾಲ್ಕು ಕಾಲು, ಸೊಂಟದೆತ್ತರ, ಮೈಗೆಲ್ಲ ಸುಣ್ಣ. ಗಾಳಿ ಒಳಗೆ ಆಡಬೇಕು, ಬಿಸಿಲು ಬೀಳಬಾರದು. ಒಳಗೆ ಸ್ಕೂಲಿನ ಒಂದೇ ಒಂದು ಉಷ್ಣಮಾಪಕ. ಪೆಟ್ಟಿಗೆಯನ್ನು ಬಯಲಿನ ಆ ತುದಿಯಲ್ಲಿ ನೆಟ್ಟು, ಕ್ಲಾಸಿನ ಕಂಬದಿಂದ ಪೆಟ್ಟಿಗೆಯವರೆಗೆ ತೆಂಗಿನ ನಾರಿನ ಹಗ್ಗ ಕಟ್ಟಿದರು. ಹಿಮದ ಬಿರುಗಾಳಿ ಎದ್ದರೆ ಆ ದ್ವೀಪದಲ್ಲಿ ಚಾಚಿದ ಕೈಯೇ ಕಾಣುವುದಿಲ್ಲವಂತೆ. ಹಗ್ಗ ಹಿಡಿದುಕೊಂಡೇ ಪೆಟ್ಟಿಗೆಗೆ ಹೋಗಬೇಕು, ಹಗ್ಗ ಹಿಡಿದುಕೊಂಡೇ ಬರಬೇಕು. ಹಗ್ಗ ಬಿಟ್ಟವನು ಹತ್ತು ಹೆಜ್ಜೆ ದೂರದ ಮನೆಯನ್ನು ಕಾಣದೆ ಸಾಯುತ್ತಾನೆ. ಪಾಠ ಹೇಳಿದರೆ ಸಾಲದೆಂದು, ನಮ್ಮ ಕಣ್ಣಿಗೆ ವಸ್ತ್ರ ಕಟ್ಟಿ ಜಡಿಮಳೆಯಲ್ಲಿ ಒಬ್ಬೊಬ್ಬರನ್ನೇ ಕಳಿಸಿದರು. ಕಂಬದಿಂದ ಪೆಟ್ಟಿಗೆಗೆ ನನ್ನ ಲೆಕ್ಕದಲ್ಲಿ ನಲವತ್ತಮೂರು ಹೆಜ್ಜೆ. ಮೂವತ್ತನೆಯ ಹೆಜ್ಜೆಯಲ್ಲಿ ಲಂಗ ಎತ್ತಿಕೊಳ್ಳಲು ನಾನು ಹಗ್ಗ ಬಿಟ್ಟೆ. ಹೋಗಿ ಬಿದ್ದದ್ದು ಹೆಡ್‌ಮಾಸ್ಟರ ಕೈತೋಟದ ಮುಳ್ಳುಬೇಲಿಯ ಮೇಲೆ.

"ಚಿಕ್ಕತಾಯಮ್ಮ ಸತ್ತಳು" ಎಂದು ಮೇಷ್ಟ್ರು ಶಾಂತವಾಗಿ ಹೇಳಿ, ಮುಂದಿನವನನ್ನು ಕರೆದರು.

ಸತ್ತವಳಿಗೇ ಅವರು ರಿಜಿಸ್ಟರು ಕೊಟ್ಟರು. ನನ್ನ ಮನೆ ಸ್ಕೂಲಿಗೆ ಹತ್ತಿರ ಎನ್ನುವುದು ಒಂದು ಕಾರಣ. ತಾರೀಖು ಹಾಕದೆ ನಾನು ಬಟ್ಟೆಯನ್ನೂ ಒಗೆಯುವುದಿಲ್ಲ ಎಂದು ಕಂಡುಕೊಂಡಿದ್ದರು, ಅದು ಇನ್ನೊಂದು. ಬೆಳಿಗ್ಗೆ ಏಳಕ್ಕೂ ಸಂಜೆ ಐದಕ್ಕೂ ನಾನು ನೋಡಿ ಬರೆಯಬೇಕು, ಮಧ್ಯಾಹ್ನ ಹನ್ನೆರಡಕ್ಕೆ ಪುಟ್ಟಸ್ವಾಮಿ. ಪೆಟ್ಟಿಗೆಗೆ ಬೀಗ, ಬೀಗಕ್ಕೆ ಒಂದೇ ಕೀಲಿಕೈ, ಅದು ನಮ್ಮ ಮನೆಯ ಗೂಟದಲ್ಲಿ. ನಿಯಮ ಮೂರೇ: ಕಂಡದ್ದನ್ನು ಬರೆ. ಕಾಣದ್ದನ್ನು ಖಾಲಿ ಬಿಡು. ಬರೆದದ್ದನ್ನು ಅಳಿಸಬೇಡ.

ಎರಡನೆಯ ನಿಯಮಕ್ಕೆ ಒಂದು ಕಥೆ ಇತ್ತು. ಮೇಷ್ಟ್ರಿಗಿಂತ ಮೊದಲು ಆ ದ್ವೀಪದಲ್ಲಿ ಪುಸ್ತಕ ಬರೆಯುತ್ತಿದ್ದವನು ಬಿರುಗಾಳಿಯ ದಿನಗಳಲ್ಲಿ ಹೊರಗೆ ಹೋಗದೆ, ಹಾಸಿಗೆಯಲ್ಲಿ ಮಲಗಿಕೊಂಡೇ ಅಂದಾಜಿನ ಮೇಲೆ ತುಂಬಿಸಿದ್ದನಂತೆ. ಹಾಗೆ ತುಂಬಿಸಿದ್ದು ನಾಲ್ಕೋ ಐದೋ ದಿನ ಮಾತ್ರ. ಯಾವ ನಾಲ್ಕೈದು ಎಂದು ಅವನಿಗೇ ಮರೆತುಹೋಗಿತ್ತು. ಇಡೀ ವರ್ಷದ ಪುಸ್ತಕವನ್ನು ಬದಿಗೆ ಎಸೆದರಂತೆ.

ಜುಲೈ ಎರಡನೆಯ ತಾರೀಖು ಸೋಮವಾರ ಶುರು ಮಾಡಿದೆವು. ಆ ತಿಂಗಳಲ್ಲೇ ಮೇಷ್ಟ್ರು ಮೈಸೂರಿನಿಂದ ಬಸ್ಸಿನಲ್ಲಿ ಮಂಜುಗಡ್ಡೆ ತರಿಸಿದರು. ಭತ್ತದ ಹೊಟ್ಟು ತುಂಬಿದ ಗೋಣಿಯಲ್ಲಿ ಕಟ್ಟಿದ್ದರೂ ಬಿಳಿಕೆರೆಗೆ ಬರುವ ಹೊತ್ತಿಗೆ ಅರ್ಧ ಕರಗಿ, ಕೆಳಗೆ ಕೂತಿದ್ದ ಒಬ್ಬರ ಬೆಲ್ಲದ ಮೂಟೆಯನ್ನು ನೆನೆಸಿತ್ತಂತೆ. ಕಂಡಕ್ಟರು ಗೋಣಿಯನ್ನು ನೆಲಕ್ಕೆ ಕುಕ್ಕಿ, "ಇನ್ನೊಂದ್ಸಲ ಇಂಥದ್ದು ಹಾಕ್ಬೇಡ್ರಪ್ಪೋ" ಎಂದ. ಬಿಚ್ಚಿದರೆ ತೆಂಗಿನಕಾಯಿ ಗಾತ್ರದ್ದು ಉಳಿದಿತ್ತು. ಪುಟ್ಟಸ್ವಾಮಿ ಮೊದಲು ಮುಟ್ಟಿ "ಸುಡ್ತದೆ ಸಾ!" ಎಂದು ಕೂಗಿದ. ನಾವು ನಗಲಿಲ್ಲ, ಎಲ್ಲರಿಗೂ ಸುಟ್ಟಿತು. ಕರಗುವ ಮಂಜಿನಲ್ಲಿ ಫ್ಯಾರನ್‌ಹೀಟ್ ಉಷ್ಣಮಾಪಕ ಮೂವತ್ತೆರಡು ತೋರಿಸಬೇಕು. ನಮ್ಮದು ಮೂವತ್ತನಾಲ್ಕು ತೋರಿಸಿತು.

"ಎರಡು ಡಿಗ್ರಿ ಸುಳ್ಳು ಹೇಳ್ತದೆ" ಎಂದರು ಮೇಷ್ಟ್ರು. "ಅದನ್ನ ಮೊದಲನೇ ಪುಟದಲ್ಲಿ ಬರಿ. ಒಳಗಿನ ಅಂಕಿ ತಿದ್ದಬೇಡ. ಅದು ತೋರಿಸಿದ್ದನ್ನೇ ಬರಿ."

ಡಿಸೆಂಬರ್ ೨೧, ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಉಷ್ಣಮಾಪಕ ಎಪ್ಪತ್ತೊಂಬತ್ತು ತೋರಿಸಿತು. ಹಿಂದಿನ ಬೆಳಿಗ್ಗೆ ಐವತ್ತೆಂಟು ಇತ್ತು. ನನ್ನ ಹಲ್ಲು ಕಟಕಟ ಎನ್ನುತ್ತಿದೆ, ಪೆಟ್ಟಿಗೆ ಬೇಸಗೆ ಎನ್ನುತ್ತಿದೆ. ಬಗ್ಗಿ ನೋಡಿದರೆ, ಪೆಟ್ಟಿಗೆಯ ತಳಕ್ಕೆ ತಾಗುವ ಹಾಗೆ ಕಲ್ಲು ಜೋಡಿಸಿ, ಅದರ ಮೇಲೆ ಎರಡು ಬತ್ತಿಯ ಹಣತೆ. ನಾಲ್ಕು ಕಾಲಿಗೂ ಅರಿಸಿನ ಕುಂಕುಮ. ಪಕ್ಕದಲ್ಲಿ ಕೈ ಮುಗಿದು ನಿಂತ ನಿಂಗಮ್ಮಜ್ಜಿ, ಸ್ಕೂಲಿನ ಹಿಂದಿನ ಮನೆಯವಳು. ಧನುರ್ಮಾಸದ ಪೂಜೆ.

"ಒಳ್ಗಿರೋದು ಯಾವ್ ದೇವ್ರವ್ವಾ?" ಎಂದು ಮೆಲ್ಲಗೆ ಕೇಳಿದಳು.

"ದೇವ್ರಲ್ಲ ಅಜ್ಜಿ, ಪಾದರಸ."

"ಯಾವ್ ರಸಾನೋ ಏನೋ. ಮೂರೊತ್ತೂ ಬಂದು ಬಾಗ್ಲು ತೆಗ್ದು ಮೊಕ ನೋಡ್ಕಂಡು ಓಯ್ತೀಯಲ್ಲ, ಮಳೇಲೂ ಬುಡಾಕಿಲ್ಲ. ದೇವ್ರಲ್ದೆ ಇನ್ನೇನು?"

ನಾನು ಓಡಿಹೋಗಿ ಬಾಗಿಲಲ್ಲೇ ಕಾದು, ಮೇಷ್ಟ್ರು ಬಂದ ಕೂಡಲೇ ದೂರು ಹೇಳಿದೆ.

"ಎಷ್ಟು ತೋರಿಸ್ತು?"

"ಎಪ್ಪತ್ತೊಂಬತ್ತು ಸಾ."

"ಹಾಗಾದರೆ ಎಪ್ಪತ್ತೊಂಬತ್ತು ಬರಿ. ಪಕ್ಕದಲ್ಲಿ ‘ಕೆಳಗೆ ದೀಪ ಇತ್ತು’ ಅಂತ ಬರಿ. ಅಜ್ಜಿನ ಬೈಬೇಡ. ನಮ್ಮ ದ್ವೀಪದಲ್ಲೊಬ್ಬ ಪೆಟ್ಟಿಗೆಯೊಳಗೇ ಕಾಲುಚೀಲ ಒಣಗಹಾಕಿದ್ದ."

ಇನ್ನು ಖಾಲಿಯ ಲೆಕ್ಕ. ಜುಲೈ ಎರಡರಿಂದ ಜನವರಿ ಮೂವತ್ತೊಂದರವರೆಗೆ ಇನ್ನೂರ ಹದಿನಾಲ್ಕು ದಿನ, ದಿನಕ್ಕೆ ಮೂರರಂತೆ ಆರುನೂರ ನಲವತ್ತೆರಡು ಹೊತ್ತು. ನಾವು ನೋಡಿದ್ದು ಆರುನೂರ ಇಪ್ಪತ್ತು. ನೋಡದೆ ಇದ್ದದ್ದು ಇಪ್ಪತ್ತೆರಡು. ದಸರಾ ರಜದಲ್ಲಿ ಐದು ದಿನ ನನಗೆ ಜ್ವರ, ಹತ್ತು ಹೊತ್ತು ಹೋಯಿತು. ನೀನಾದರೂ ನೋಡಬಾರದಿತ್ತೇ ಎಂದರೆ ಪುಟ್ಟಸ್ವಾಮಿ, "ನನ್ ಪಾಳಿ ಮಧ್ಯಾನದ್ದು ಕಣೇ" ಎಂದ. ದೀಪಾವಳಿಗೆ ಮೂರು ದಿನ ಪಿರಿಯಾಪಟ್ಟಣಕ್ಕೆ ಅಜ್ಜಿಯ ಮನೆಗೆ ಹೋದೆ, ಕೀಲಿಕೈಯನ್ನು ಗಂಟು ಹಾಕಿಕೊಂಡು ಜೊತೆಗೇ ಒಯ್ದೆ. ಒಂಬತ್ತು ಹೊತ್ತು ಹೋಯಿತು. ಗೋಲಿಯಾಟದಲ್ಲಿ ಪುಟ್ಟಸ್ವಾಮಿ ಮರೆತದ್ದು ಮೂರು. ಹತ್ತೊಂಬತ್ತಕ್ಕೆ ನಾನು ಹೊಣೆ. ಒಪ್ಪಿಕೊಂಡಿದ್ದೇನೆ.

೧೯೩೫ನೆಯ ಇಸವಿ ಫೆಬ್ರವರಿ ೧, ಶುಕ್ರವಾರ. ಹೆಡ್‌ಮಾಸ್ಟರು ಮೇಷ್ಟ್ರನ್ನೂ ನನ್ನನ್ನೂ ರೂಮಿಗೆ ಕರೆದರು. ಸೋಮವಾರ ಇನ್ಸ್‌ಪೆಕ್ಟರು ಬರುವವರಿದ್ದರು. ಹೆಡ್‌ಮಾಸ್ಟರು ಕೆಟ್ಟವರಲ್ಲ. ನಂಜಪ್ಪ ಮೇಷ್ಟ್ರು ಉಳಿಯಲಿ ಎಂದು ನಿಜವಾಗಿಯೂ ಬಯಸಿದ್ದರು. ರಿಜಿಸ್ಟರು ತಿರುವಿ, "ಎಲ್ಲಾ ಚೆನ್ನಾಗಿದೆ ನಂಜಪ್ಪನವರೇ, ಈ ಖಾಲಿ ಜಾಗ ಒಂದು ತುಂಬಿಸಿಬಿಡಿ. ಹಿಂದಿನದ್ದೂ ಮುಂದಿನದ್ದೂ ಕೂಡಿಸಿ ಎರಡರಿಂದ ಭಾಗಿಸಿದರೆ ಆಯ್ತು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರು.

ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಬರೆಯೋಳು ಇವಳು. ಇವಳನ್ನೇ ಕೇಳಿ ಸಾರ್" ಎಂದುಬಿಟ್ಟರು.

ಹದಿಮೂರು ವರ್ಷದವಳ ತಲೆಯ ಮೇಲೆ ಇಂಥದ್ದನ್ನು ಹೇರಬಹುದೇ ಎಂದು ನೀವು ಕೇಳಬಹುದು. ನಾನೂ ಆಮೇಲೆ ಕೇಳಿಕೊಂಡಿದ್ದೇನೆ. ಆಗ ಮಾತ್ರ ನನಗೆ ಕಂಡದ್ದು ಇಷ್ಟೇ: ತುಂಬಿಸಿದರೆ ಮೇಷ್ಟ್ರು ಇರುತ್ತಾರೆ, ತುಂಬಿಸದಿದ್ದರೆ ಹೋಗುತ್ತಾರೆ. "ಯೋಚ್ನೆ ಮಾಡಿ ಹೇಳ್ತೀನಿ ಸಾ" ಎಂದು ರಿಜಿಸ್ಟರನ್ನು ಮನೆಗೆ ತಂದೆ.

ಅಪ್ಪ ಕೇಳಿ, "ತುಂಬ್ಸ್‌ಬುಡು ಕಣವ್ವಾ. ಒಬ್ರ ಅನ್ನದ ಇಚಾರ" ಎಂದರು. ಪುಟ್ಟಸ್ವಾಮಿ ಇನ್ನೂ ಮುಂದೆ ಹೋಗಿ, "ನಾನೇ ಬರ್ಕೊಡ್ತೀನಿ ಕಣೇ. ಒಂದೊಂದ್ಕೂ ಒಂದೊಂದ್ ತರ ಬರೀತೀನಿ, ಯಾವ್ ಇನ್ಸ್‌ಪೆಕ್ಟ್ರಿಗೂ ಗೊತ್ತಾಗಾಕಿಲ್ಲ" ಎಂದ. ಮೋಸಕ್ಕೆ ಅವನಷ್ಟು ಪ್ರಾಮಾಣಿಕವಾಗಿ ಸಿದ್ಧನಾದವನನ್ನು ನಾನು ಕಂಡಿಲ್ಲ.

ಶನಿವಾರ ಪೆಟ್ಟಿಗೆಯ ಹತ್ತಿರ ಮೇಷ್ಟ್ರನ್ನು ಕೇಳಿದೆ. "ತುಂಬ್ಸಲಾ ಸಾ?"

"ನಾನು ಹೇಳಿದರೆ ಅದು ನನ್ನ ರಿಜಿಸ್ಟರಾಗ್ತದೆ. ನಿಂದಲ್ಲ."

"ನಿಮ್ಮ ಕೆಲ್ಸ?"

"ಅದನ್ನ ನಾನು ನೋಡ್ಕೋತೀನಿ. ನೀನು ಉಷ್ಣಮಾಪಕ ನೋಡು."

ಭಾನುವಾರ ಇಡೀ ದಿನ ರಿಜಿಸ್ಟರನ್ನು ಮುಂದಿಟ್ಟುಕೊಂಡು ಕೂತಿದ್ದೆ. ಜನವರಿ ಮುಗಿಯುವವರೆಗಿನ ಆರುನೂರ ಇಪ್ಪತ್ತು ಅಂಕಿಗಳು. ಮಳೆಯಲ್ಲಿ ನೆನೆದು ನೋಡಿದವು, ಊಟ ಅರ್ಧಕ್ಕೆ ಬಿಟ್ಟು ನೋಡಿದವು, ನಿಂಗಮ್ಮಜ್ಜಿಯ ದೀಪದ್ದು ಒಂದು. ಇವುಗಳ ನಡುವೆ ಇಪ್ಪತ್ತೆರಡು ಕಳ್ಳ ಅಂಕಿಗಳನ್ನು ಕೂರಿಸಿದರೆ, ನಾಳೆ ಯಾರಾದರೂ ‘ಇದರಲ್ಲಿ ನಿಜ ಯಾವುದು’ ಎಂದು ಕೇಳಿದರೆ, ನಾನು ಯಾವ ಮುಖ ಇಟ್ಟುಕೊಂಡು ತೋರಿಸಲಿ? ಸಂಜೆ ಐದಕ್ಕೆ ಹೋಗಿ ನೋಡಿದೆ, ಎಂಬತ್ತಮೂರು. ಬರೆದೆ. ಖಾಲಿ ಇದ್ದದ್ದನ್ನು ಖಾಲಿಯೇ ಬಿಟ್ಟು ಮುಚ್ಚಿದೆ.

ಸೋಮವಾರ ಇನ್ಸ್‌ಪೆಕ್ಟರು ಜರಿಯ ರುಮಾಲು ಸರಿಮಾಡಿಕೊಳ್ಳುತ್ತಾ ರಿಜಿಸ್ಟರು ತೆರೆದರು.

"ಇದೇನಮ್ಮ, ಖಾಲಿ?"

"ನೋಡಲಿಲ್ಲ ಸಾ."

"ಯಾಕೆ?"

"ಜ್ವರ ಸಾ. ಇದು ಅಜ್ಜಿ ಮನೆ. ಇದು ಗೋಲಿ."

ಯಾರೋ ಹಿಂದೆ ಕಿಸಕ್ಕೆಂದರು. ಅವರು ಪುಟ ತಿರುವಿ ಡಿಸೆಂಬರಿಗೆ ಬಂದರು. "ದೀಪ ಇತ್ತು?"

"ನಿಂಗಮ್ಮಜ್ಜಿ ಇಟ್ಟಿದ್ರು ಸಾ. ಪೂಜೆಗೆ."

"ಸರ್ಕಾರಿ ಸ್ಕೂಲಿನ ದಾಖಲೆಯಲ್ಲಿ ನಿಂಗಮ್ಮಜ್ಜಿ!" ಎಂದು ಅವರು ಮೇಷ್ಟ್ರ ಕಡೆ ತಿರುಗಿದರು. "ಪಠ್ಯದಲ್ಲಿ ಇದೆಲ್ಲ ಎಲ್ಲಿದೆ ಮೇಷ್ಟ್ರೇ? ಹಿಮ, ಹಗ್ಗ, ಕಣ್ಣಿಗೆ ಬಟ್ಟೆ?"

"ಪಠ್ಯದಲ್ಲಿ ಉಷ್ಣಮಾಪಕ ಇದೆ ಸಾರ್" ಎಂದರು ಮೇಷ್ಟ್ರು. "ಅದನ್ನ ನಂಬೋದು ಹೇಗೆ ಅಂತ ಇಲ್ಲ. ಅದಕ್ಕೆ ಸೇರಿಸಿದೆ."

ಇನ್ಸ್‌ಪೆಕ್ಟರು ಕೆಂಪು ಶಾಯಿಯಲ್ಲಿ ಬರೆದದ್ದು ಎರಡೇ ಸಾಲು. ದಾಖಲೆ ಅಪೂರ್ಣ. ಬೋಧನೆ ಪಠ್ಯದ ಹೊರಗೆ.

ಏಪ್ರಿಲಿನಲ್ಲಿ ಮೇಷ್ಟ್ರು ಹೊರಟರು. ಒಂದು ಟ್ರಂಕು, ಒಂದು ಸುರುಳಿ ಹಾಸಿಗೆ. ಎಂಟು ಗಂಟೆಯ ಬಸ್ಸಿಗೆ ನಾವು ಹನ್ನೊಂದು ಜನ ಹೋಗಿದ್ದೆವು. ನನಗೆ ಹೇಳಬೇಕಾದದ್ದು ಬಹಳ ಇತ್ತು. ಅವರೇ ಕಿಟಕಿಯಿಂದ ಬಗ್ಗಿ ಕೇಳಿದರು.

"ಏಳರದ್ದು ಆಯ್ತಾ?"

"ಆಯ್ತು ಸಾ. ಎಪ್ಪತ್ಮೂರು."

"ಎರಡು ಕಳೆದೋ, ಕಳೀದೇನೋ?"

"ಕಳೀದೆ ಸಾ."

ಅವರು ನಕ್ಕರು. ಬಸ್ಸು ಹೊರಟಿತು. ನಾನು ತುಂಬಿಸಿದ್ದರೆ ಅವರು ಉಳಿಯುತ್ತಿದ್ದರೇ? ಗೊತ್ತಿಲ್ಲ. ಉಳಿಯುತ್ತಿದ್ದರು ಎಂದು ಊರಿನವರು ಇವತ್ತಿಗೂ ನನ್ನ ಮುಖಕ್ಕೇ ಹೇಳುತ್ತಾರೆ. ಹೇಳಿಕೊಳ್ಳಲಿ. ಆ ಇನ್ಸ್‌ಪೆಕ್ಟರು ಮತ್ತೆ ಬಂದು ಅದೇ ರಿಜಿಸ್ಟರನ್ನು ಕೈಗೆ ಕೊಟ್ಟರೂ ನಾನು ತುಂಬಿಸುವುದಿಲ್ಲ. ಅಳುತ್ತೇನೆ, ಆದರೆ ತುಂಬಿಸುವುದಿಲ್ಲ.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಜೂನಿನಲ್ಲಿ ಸ್ಕೂಲು ತೆರೆದಾಗ ಪೆಟ್ಟಿಗೆಯ ಕೀಲಿಕೈಯನ್ನು ಹೆಡ್‌ಮಾಸ್ಟರು ಇಸಕೊಂಡಿದ್ದರು. ರಿಜಿಸ್ಟರು ಅವರ ಬೀರುವಿನಲ್ಲಿತ್ತು. ಗುಡಿಸಲು ಹೋದ ನೆಪದಲ್ಲಿ ತೆಗೆದು ನೋಡಿದೆ. ಇಪ್ಪತ್ತೆರಡು ಜಾಗದಲ್ಲೂ ಅಂಕಿ ಬಂದು ಕೂತಿದ್ದವು, ಹೆಡ್‌ಮಾಸ್ಟರ ಅಕ್ಷರ, ಹೊಸ ಶಾಯಿ. ನಾನು ಪಿರಿಯಾಪಟ್ಟಣದಲ್ಲಿ ಕಜ್ಜಾಯ ತಿನ್ನುತ್ತಿದ್ದ ಬೆಳಿಗ್ಗೆ ನಮ್ಮೂರಿನಲ್ಲಿ ಅರವತ್ತನಾಲ್ಕು ಡಿಗ್ರಿಯಂತೆ. ನನ್ನ ಜ್ವರ ಏರಿದ್ದ ಸಂಜೆ ಎಪ್ಪತ್ತಾರಂತೆ. ಎಷ್ಟು ಮರ್ಯಾದಸ್ಥ ಅಂಕಿಗಳು! ಒಂದೂ ಅಕ್ಕಪಕ್ಕದವನ್ನು ಮೀರಿ ನಿಂತಿರಲಿಲ್ಲ.

ಅಳಿಸಬಾರದು ಎಂಬುದು ನಿಯಮ. ಅಳಿಸಲಿಲ್ಲ. ಒಂದೊಂದರ ಪಕ್ಕದಲ್ಲೂ ‘ಇದು ನೋಡಿದ್ದಲ್ಲ’ ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದೆ. ಇಪ್ಪತ್ತೆರಡು ಸಲ. ಎರಡು ದಿನದ ಗುಡಿಸುವ ಹೊತ್ತು ಬೇಕಾಯಿತು. ಮೂರನೆಯ ದಿನ ಸಿಕ್ಕಿಬಿದ್ದೆ.

"ಸರಾಸರಿ ಅಂದರೆ ಸುಳ್ಳಲ್ಲ ಕಣಮ್ಮ" ಎಂದರು ಹೆಡ್‌ಮಾಸ್ಟರು. ಕೋಪಕ್ಕಿಂತ ಹೆಚ್ಚಾಗಿ ಅವರಿಗೆ ಅಂಜಿಕೆಯಾಗಿತ್ತು.

"ಸುಳ್ಳು ಅಂತ ಬರ್ದಿಲ್ಲ ಸಾ. ನೋಡಿದ್ದಲ್ಲ ಅಂತ ಬರ್ದಿದೀನಿ."

ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಬಯಲಿನಲ್ಲಿ ನಿಲ್ಲಿಸಿದರು. ಆ ದಿನದ ಬಿಸಿಲು ಎಷ್ಟಿತ್ತೆಂದು ಹೇಳಲಾರೆ, ಕೀಲಿಕೈ ನನ್ನ ಬಳಿ ಇರಲಿಲ್ಲ. ನಿಂತೇ ಇದ್ದೆ. ಪುಟ್ಟಸ್ವಾಮಿ ನೀರು ತಂದುಕೊಟ್ಟು ತಾನೂ ಪಕ್ಕದಲ್ಲಿ ನಿಂತ. "ಮೂರು ನಂದೂ ಇದ್ವಲ್ಲ" ಎಂದ.

ಈಗ ಒಂದು ಕೋರಿಕೆ. ನಂಜಪ್ಪ ಮೇಷ್ಟ್ರು ಎಲ್ಲಿದ್ದಾರೆಂದು ಆರು ವರ್ಷದಿಂದ ಕೇಳುತ್ತಿದ್ದೇನೆ. ಅವರ ಊರಿನ ನೆಂಟರಿಗೂ ಗೊತ್ತಿಲ್ಲ. ಹೆಗ್ಗಡದೇವನಕೋಟೆಯ ಕಡೆ ಕಾಡು ಕಂಟ್ರಾಕ್ಟರ ಹತ್ತಿರ ಲೆಕ್ಕ ಬರೆಯುತ್ತಿದ್ದಾರೆ ಎಂದು ಒಬ್ಬರು ಹೇಳಿದರು. ಮತ್ತೆ ಹಡಗು ಹತ್ತಿದರು ಎಂದು ಇನ್ನೊಬ್ಬರು. ತೀರಿಕೊಂಡರು ಎಂದು ಮೂರನೆಯವರು, ಬಹಳ ಖಚಿತವಾಗಿ. ಯಾರು ಕಂಡದ್ದು ಎಂದು ಕೇಳಿದರೆ ಮೂವರೂ ಕಂಡಿಲ್ಲ. ಈ ಮೂರರಲ್ಲಿ ಒಂದನ್ನೂ ನಾನು ಡೈರಿಗೆ ಇಳಿಸಿಲ್ಲ. ಮೂರನೆಯದನ್ನಂತೂ ಯಾರು ಆಣೆ ಮಾಡಿದರೂ ಇಳಿಸುವುದಿಲ್ಲ.

ಓದುವವರಲ್ಲಿ ಅವರನ್ನು ಕಂಡವರಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಎಡಗೈಯ ಎರಡು ಬೆರಳಿಗೆ ತುದಿ ಇಲ್ಲ, ಅಕ್ಷರ ದುಂಡಗೆ. ಎಲ್ಲಿ ಕಂಡಿರಿ, ಯಾವ ತಾರೀಖು, ಎಷ್ಟು ಗಂಟೆಗೆ, ಅಷ್ಟು ಬರೆದರೆ ಸಾಕು. ಕೇಳಿದ್ದು ಬೇಡ, ಕಂಡದ್ದು ಬೇಕು.